ಗೆಲಕ್ಸಿಗಳ ಸಂಘಟ್ಟನೆಯೂ ಎಪ್ಪತ್ತನಾಲ್ಕು ದೀಪಗಳೂ

ಎರಡು ಗೆಲಕ್ಸಿಗಳು ಸಂಘಟ್ಟಿಸಿದರೆ ಅವುಗಳ ನಕ್ಷತ್ರಗಳೆಲ್ಲ ನುಚ್ಚುನೂರಾಗುವುವೆಂದು ಬಹುಮಂದಿ ಭಾವಿಸುವುದುಂಟು. ಇದು ಸರಿಯಲ್ಲ. ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರು. ಅವನಿಗೆ ಅತಿ ಸಮೀಪದ ನಕ್ಷತ್ರವಿರುವುದಾದರೋ ಸುಮಾರು 40 ಲಕ್ಷ ಕೋಟಿ ಕಿಲೋಮೀಟರು ದೂರದಲ್ಲಿ. ಇಷ್ಟು ವಿರಳವಾಗಿ ಹರಡಿರುವ ನಕ್ಷತ್ರಗಳು ಒಂದನ್ನೊಂದು ತಾಗದೆಯೇ ಹಾದುಹೋಗುತ್ತವೆ. ಆದರೆ ಪರಸ್ಪರ ಗುರುತ್ವಾಕರ್ಷಣೆಯು ಹತ್ತಿರದ ಪಾರ್ಶ್ವವನ್ನು ಹೆಚ್ಚಾಗಿಯೂ ದೂರದ ಪಾರ್ಶ್ವವನ್ನು ಕಡಿಮೆಯಾಗಿಯೂ ಸೆಳೆಯುವುದರಿಂದ ಗೆಲಕ್ಸಿಗಳ ಆಕಾರ ಕದಡಿ, ನೀಳವಾದ ಬಾಲಗಳು ಹೊರಚಾಚುತ್ತವೆ. ನಿಜವಾಗಿ ಅಪ್ಪಳಿಸುವುವು ಅನಿಲದ ಮೋಡಗಳು. ಅವು ಒತ್ತಿ ಸಾಂದ್ರವಾಗಿ ಹೊಸ ನಕ್ಷತ್ರಗಳಿಗೆ ಜನ್ಮವೀಯುತ್ತವೆ. 1785ರಲ್ಲಿ ವಿಲಿಯಂ ಹರ್ಷೆಲ್ ಕಂಡ, ಇಂದು ‘ಆಂಟೆನಾ’ ಎಂದು ಕರೆಯಲ್ಪಡುವ ಗೆಲಕ್ಸಿಗಳಲ್ಲಿ ಇಂತಹ ಎಳೆಯ ನಕ್ಷತ್ರಗುಚ್ಛಗಳನ್ನು ಹಬಲ್ ದೂರದರ್ಶಕವು ಸಾವಿರಕ್ಕೂ ಮಿಕ್ಕು ತೋರಿಸಿದೆ.

ಕೋಟ್ಯಂತರ ವರ್ಷ ನಡೆಯುವ ಈ ವ್ಯಾಪಾರವನ್ನು ಮನುಷ್ಯನು ಪರೀಕ್ಷಿಸುವುದೆಂತು? ಗಣಕಯಂತ್ರಗಳಿಲ್ಲದ 1941ರಲ್ಲಿ ಸ್ವೀಡನ್ನಿನ ಎರಿಕ್ ಹೋಲ್ಮ್‌ಬರ್ಗ್ ಇದಕ್ಕೆ ಒಂದು ಸೊಗಸಾದ ಉಪಾಯವನ್ನು ಕಂಡುಕೊಂಡರು. ದೂರ ಇಮ್ಮಡಿಯಾದರೆ ಗುರುತ್ವಾಕರ್ಷಣೆ ಕಾಲುಭಾಗಕ್ಕಿಳಿಯುತ್ತದೆ. ಬೆಳಕಿನ ತೀವ್ರತೆಯೂ ಅಂತೆಯೇ. ಆದ್ದರಿಂದ ಅವರು ಗೆಲಕ್ಸಿಯೊಂದಕ್ಕೆ 37ರಂತೆ 74 ವಿದ್ಯುದ್ದೀಪಗಳನ್ನು ಮೇಜಿನ ಮೇಲೆ ಹರಡಿ, ಒಂದೊಂದು ದೀಪದ ಸ್ಥಾನದಲ್ಲಿಯೂ ಬೇರೆ ಬೇರೆ ದಿಕ್ಕುಗಳಿಂದ ಬೀಳುವ ಬೆಳಕನ್ನು ದ್ಯುತಿಕೋಶದಿಂದ ಅಳೆದು, ಆ ಅಳತೆಯನ್ನೇ ಆಕರ್ಷಣೆಯೆಂದು ಬಗೆದು, ದೀಪಗಳನ್ನು ಹೆಜ್ಜೆಹೆಜ್ಜೆಯಾಗಿ ಸರಿಸಿದರು. ಸಮೀಪಿಸಿದ ಗೆಲಕ್ಸಿಗಳು ವಿಕಾರಗೊಂಡು, ಚಲನಶಕ್ತಿಯನ್ನು ಕಳೆದುಕೊಂಡು, ಒಂದಕ್ಕೊಂದು ಸೆರೆಯಾಗಬಹುದೆಂದು ತಿಳಿದುಬಂತು. 1972ರಲ್ಲಿ ಟೂಮ್ರೆ ಸಹೋದರರು ಗಣಕಯಂತ್ರದಿಂದ ಆಂಟೆನಾದ ಬಾಲಗಳನ್ನೇ ಮೂಡಿಸಿ ತೋರಿಸಿದರು.

ನಮ್ಮ ತರಗತಿಗಳಲ್ಲಿ ಈ ಎರಡು ನಿಯಮಗಳನ್ನೂ ಕಲಿಸುತ್ತಾರೆ. ಆದರೆ ಒಂದನ್ನು ಒಂದು ಅಧ್ಯಾಯದಲ್ಲಿ, ಇನ್ನೊಂದನ್ನು ಮತ್ತೊಂದರಲ್ಲಿ. ವಿದ್ಯಾರ್ಥಿಯು ಎರಡನ್ನೂ ಬಾಯಿಪಾಠಮಾಡಿ, ಎರಡಕ್ಕೂ ಅಂಕಗಳನ್ನು ಪಡೆದು, ಅವುಗಳ ಸಾಮ್ಯವನ್ನು ಕಾಣದೆಯೇ ಕಾಲೇಜನ್ನು ಬಿಡುತ್ತಾನೆ. ಉಪಕರಣಗಳ ಕೊರತೆಯೇ ನಮ್ಮ ವಿಜ್ಞಾನಶಿಕ್ಷಣದ ದೌರ್ಬಲ್ಯವೆಂದು ಹೇಳುವವರಿದ್ದಾರೆ. ಕೊರತೆ ಸುಳ್ಳಲ್ಲ; ಆದರೆ ಅದಕ್ಕಿಂತ ದೊಡ್ಡದು ಈ ವಿಚ್ಛೇದ. ಹೋಲ್ಮ್‌ಬರ್ಗರ ಲೆಕ್ಕವನ್ನು ಇಂದಿನ ಸಾಧಾರಣ ಗಣಕಯಂತ್ರವೂ ಕ್ಷಣಾರ್ಧದಲ್ಲಿ ಮಾಡೀತು. ದೀಪವನ್ನು ನಕ್ಷತ್ರವೆಂದು ಕಾಣುವ ದೃಷ್ಟಿಯನ್ನು ಮಾತ್ರ ಅದು ದಯಪಾಲಿಸದು.

ಸಾಮ್ಯಕ್ಕೂ ಮೇರೆಯುಂಟು: ಬೆಳಕಿಗೆ ಹಲಗೆಯನ್ನು ಅಡ್ಡವಿಟ್ಟು ತಡೆಯಬಹುದು, ಗುರುತ್ವವನ್ನು ತಡೆಯಲಾಗದು. ಇದನ್ನು ಕೇಳಿ ತಿಳಿಯುವುದೂ ವಿಜ್ಞಾನವೇ. ಅಧ್ಯಾಪಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಎರಡು ಅಧ್ಯಾಯಗಳನ್ನು ಕೂಡಿಸಿದ ಹೊರತು ಉತ್ತರಿಸಲಾಗದ ಪ್ರಶ್ನೆಯೊಂದನ್ನಾದರೂ ಪ್ರತಿ ಪರೀಕ್ಷೆಯಲ್ಲಿ ಕೇಳಿರಿ.