ಆಷಾಢ ಮತ್ತು ಕ್ಯಾಮೆರಾ

ಆಷಾಢದಲ್ಲಿ ಮದುವೆಗಳಿಲ್ಲ. ಛತ್ರಗಳಿಗೆ ಬೀಗ, ವಾಲಗದವರಿಗೆ ಬಿಡುವು, ಅಡುಗೆಯವರಿಗೆ ವಿಶ್ರಾಂತಿ. ಮದುವೆ ಫೋಟೊ ತೆಗೆಯುವವರು ಕೂಡ ವೈಶಾಖ, ಜ್ಯೇಷ್ಠದ ಓಡಾಟ ಮುಗಿಸಿ, ಕ್ಯಾಮೆರಾವನ್ನು ಚೀಲಕ್ಕೆ ಸೇರಿಸಿ, ಚೀಲವನ್ನು ಬೀರುವಿಗೆ ಸೇರಿಸಿ ನೆಮ್ಮದಿಯ ಉಸಿರು ಬಿಡುವ ತಿಂಗಳಿದು. ಹೊರಗೆ ಮಳೆ ಹೊಯ್ಯುತ್ತಿರುತ್ತದೆ. ಶ್ರಾವಣದ ಮೊದಲ ಮುಹೂರ್ತಕ್ಕೆ ಚೀಲ ಬಿಚ್ಚಿದಾಗ ಕ್ಯಾಮೆರಾ ಇಟ್ಟ ಹಾಗೆಯೇ ಇರುತ್ತದೆ. ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿದಾಗ ಮಾತ್ರ ಒಳಗಿನ ಗಾಜಿನ ಅಂಚಿನಲ್ಲಿ ಜೇಡ ಬಲೆ ನೇಯ್ದಂತೆ ತೆಳ್ಳನೆಯ ಬಿಳಿ ಎಳೆಗಳು ಕಾಣುತ್ತವೆ.

ಇದು ಬೂಷ್ಟು. ಚಪ್ಪಲಿಯ ಚರ್ಮದ ಮೇಲೆ, ಗೋಡೆಯ ಮೂಲೆಯಲ್ಲಿ, ಮುಚ್ಚಳ ಸಡಿಲವಾದ ಉಪ್ಪಿನಕಾಯಿ ಭರಣಿಯಲ್ಲಿ ಬೆಳೆಯುವ ಶಿಲೀಂಧ್ರಗಳ ಬಳಗದ್ದೇ ಇದು. ಕ್ಯಾಮೆರಾ ರಿಪೇರಿಯವರು ಇದನ್ನು ಫಂಗಸ್ ಎನ್ನುತ್ತಾರೆ. ಇದರ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆ ಇರುತ್ತವೆ, ಲೆನ್ಸಿನೊಳಗೂ ಇರುತ್ತವೆ. ಗಾಳಿಯ ತೇವಾಂಶ ಶೇಕಡಾ 70 ದಾಟಿ ಕೆಲವು ದಿನ ಅಲ್ಲಿಯೇ ನಿಂತು, ಜೊತೆಗೆ ಕತ್ತಲೆ, ಗಾಳಿಯಾಡದ ಜಾಗ, ಒಂದಿಷ್ಟು ಧೂಳು ಅಥವಾ ಬೆರಳಿನ ಜಿಡ್ಡು ಸಿಕ್ಕರೆ ಅವು ಮೊಳೆಯುತ್ತವೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಜುಲೈ ತಿಂಗಳ ತೇವಾಂಶ ಶೇಕಡಾ 85ರ ಮೇಲಿರುವುದು ಸಾಮಾನ್ಯ. ಚೀಲದೊಳಗಿನ ಸ್ಪಂಜು ಆ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ರಕ್ಷಣೆಗೆಂದು ಕೊಂಡ ಚೀಲವೇ ಹೀಗೆ ಬೂಷ್ಟಿನ ಸಸಿಮಡಿಯಾಗುತ್ತದೆ.

ಆರಂಭದಲ್ಲಿಯೇ ಕಂಡರೆ ತಿಳಿದ ರಿಪೇರಿಯವರು ಲೆನ್ಸನ್ನು ಬಿಚ್ಚಿ ಶುಚಿ ಮಾಡಿಕೊಡುತ್ತಾರೆ. ತಡವಾದರೆ ಫಂಗಸ್ ಸ್ರವಿಸುವ ಆಮ್ಲ ಗಾಜಿನ ಮೇಲಿನ ಲೇಪವನ್ನು ಕೊರೆಯುತ್ತದೆ. ಆ ಗುರುತು ಯಾವ ಒರೆಸುವಿಕೆಗೂ ಹೋಗುವುದಿಲ್ಲ. ಬೆಳಕಿಗೆ ಎದುರಾಗಿ ತೆಗೆದ ಚಿತ್ರಗಳು ಮಂಜು ಕವಿದಂತೆ ಬರುತ್ತವೆ. ಸಾಗರ, ಶಿರಸಿ, ಪುತ್ತೂರು, ಮಡಿಕೇರಿಗಳಲ್ಲಿ ಸಾಲ ಮಾಡಿ ಕ್ಯಾಮೆರಾ ಕೊಂಡವರಿಗೆ ಇದು ಸಣ್ಣ ಮಾತಲ್ಲ. ಕಂತು ಇನ್ನೂ ಮುಗಿದಿರುವುದಿಲ್ಲ, ಲೆನ್ಸು ಆಗಲೇ ಮುಗಿದಿರುತ್ತದೆ.

ಆದ್ದರಿಂದ ಕಡಿಮೆ ಹಣದಲ್ಲಿ ಕ್ಯಾಮೆರಾ ಕೊಳ್ಳಹೊರಟವರು ಅಂಗಡಿಯ ಬೆಲೆಪಟ್ಟಿಯ ಜೊತೆಗೆ ಒಂದು ಮಳೆಗಾಲದ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೊಸ ಬಾಡಿಗೆ ಹಣವನ್ನೆಲ್ಲ ಸುರಿದು ಅದನ್ನು ಕಾಪಾಡಲು ಬಿಡಿಗಾಸೂ ಉಳಿಯದಿದ್ದರೆ ಅದು ಉಳಿತಾಯವಲ್ಲ. ಹಳೆಯ ಬಾಡಿ, ಒಳ್ಳೆಯ ಲೆನ್ಸು, ಒಣಗಿದ ಡಬ್ಬಿ, ಈ ಮೂರೂ ಇದ್ದವರ ಕೆಲಸ ಹೆಚ್ಚು ಕಾಲ ನಡೆಯುತ್ತದೆ.

ಹಳೆಯದನ್ನು ಕೊಳ್ಳಲು ಇದು ಒಳ್ಳೆಯ ಕಾಲವೂ ಹೌದು. 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ಎರಡೂ ಕನ್ನಡಿಯಿಲ್ಲದ ಪೂರ್ಣ ಅಳತೆಯ ಸೆನ್ಸರ್ ಕ್ಯಾಮೆರಾಗಳನ್ನು, ಅಂದರೆ ಮಿರರ್‌ಲೆಸ್‌ಗಳನ್ನು ತಂದವು. ಇಬ್ಬರ ಅತಿ ದುಬಾರಿ ಡಿಎಸ್‌ಎಲ್‌ಆರ್‌ಗಳಾದ ನಿಕಾನ್ ಡಿ6 ಮತ್ತು ಕ್ಯಾನನ್ 1ಡಿ ಎಕ್ಸ್ ಮಾರ್ಕ್ 3 ಬಂದದ್ದು 2020ರಲ್ಲಿ. ಆ ಮೇಲೆ ಆ ದರ್ಜೆಯ ಡಿಎಸ್‌ಎಲ್‌ಆರ್‌ಗಳು ಈ ಕಂಪನಿಗಳಿಂದ ಬಂದಿಲ್ಲ. ದೊಡ್ಡ ಊರುಗಳ ವೃತ್ತಿಪರರು ಮಿರರ್‌ಲೆಸ್ ಕಡೆಗೆ ಹೊರಳಿದಂತೆ ಅವರ ಹಳೆಯ ಡಿಎಸ್‌ಎಲ್‌ಆರ್‌ಗಳೂ ಲೆನ್ಸುಗಳೂ ಕೈಬದಲಾವಣೆಯ ಮಾರುಕಟ್ಟೆಗೆ ಬಂದಿವೆ. ಅವು ಕೆಟ್ಟದ್ದಕ್ಕೆ ಬಂದವಲ್ಲ, ಫ್ಯಾಷನ್ ಬದಲಾದದ್ದಕ್ಕೆ ಬಂದವು.

ಹಳೆಯ ಕ್ಯಾಮೆರಾದಲ್ಲಿ ಮೆಗಾಪಿಕ್ಸೆಲ್ ಕಡಿಮೆಯಲ್ಲವೆ ಎಂಬ ಅನುಮಾನ ಸಹಜ. ಲೆಕ್ಕ ಹಾಕಿಯೇ ನೋಡಬಹುದು. 2010ರಲ್ಲಿ ಬಂದ ನಿಕಾನ್ ಡಿ7000ದ ಚಿತ್ರದ ಉದ್ದ 4,928 ಚುಕ್ಕೆಗಳು. ಅದನ್ನು 12x18 ಅಂಗುಲದ ಆಲ್ಬಂ ಹಾಳೆಗೆ ಹರಡಿದರೆ ಅಂಗುಲಕ್ಕೆ 270ಕ್ಕಿಂತ ಹೆಚ್ಚು ಚುಕ್ಕೆಗಳು ಬೀಳುತ್ತವೆ. ಕೈಯಲ್ಲಿ ಹಿಡಿದು ನೋಡುವ ಆಲ್ಬಮ್ಮಿಗೆ ಇದು ಧಾರಾಳ. ಚಿತ್ರವನ್ನು ಫೋನಿನಲ್ಲೋ ಟೀವಿಯಲ್ಲೋ ನೋಡುವವರಿಗಂತೂ ಇಷ್ಟೂ ಬೇಡ. ಫುಲ್ ಎಚ್‌ಡಿ ಪರದೆಯಲ್ಲಿರುವುದು ಸುಮಾರು 2 ಮೆಗಾಪಿಕ್ಸೆಲ್ ಮಾತ್ರ.

ವ್ಯತ್ಯಾಸ ಕಾಣುವುದು ಲೆನ್ಸಿನಲ್ಲಿ. ಕ್ಯಾಮೆರಾದ ಜೊತೆಗೆ ಬರುವ 18-55 ಜೂಮ್ ಲೆನ್ಸು 55ರ ತುದಿಯಲ್ಲಿ ಸಾಮಾನ್ಯವಾಗಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 50 ಮಿಲಿಮೀಟರಿನ ಎಫ್ 1.8 ಲೆನ್ಸು ಗಾತ್ರದಲ್ಲಿ ಚಿಕ್ಕದು, ಬೆಲೆಯಲ್ಲೂ ಬಡವರ ಬಂಧು. ಆದರೆ ಅದು ಒಳಗೆ ಬಿಡುವ ಬೆಳಕು ಸುಮಾರು ಒಂಬತ್ತೂವರೆ ಪಟ್ಟು. ಮಬ್ಬು ಬೆಳಕಿನ ಛತ್ರದಲ್ಲಿ ಧಾರೆಯ ಹೊತ್ತಿಗೆ, ರಾತ್ರಿಯ ಯಕ್ಷಗಾನದ ರಂಗಸ್ಥಳದಲ್ಲಿ ಇದರ ಅರ್ಥ ಏನು? ಇದರಲ್ಲಿ ಐಎಸ್‌ಒ 1600 ಸಾಕಾಗುವ ಕಡೆ ಆ ಜೂಮಿಗೆ 15 ಸಾವಿರದ ಹತ್ತಿರ ಬೇಕಾಗುತ್ತದೆ. ಹೊಸ ಬಾಡಿ ಕೂಡ ಅಲ್ಲಿ ಬೆವರುತ್ತದೆ. ಇಕ್ಕಟ್ಟಾದ ಮನೆಗಳಲ್ಲಿ ಗುಂಪು ಚಿತ್ರ ತೆಗೆಯುವವರಿಗೆ ಮಾತ್ರ, ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ 50 ತೀರಾ ಹತ್ತಿರವಾಗುತ್ತದೆ. ಅಂಥವರಿಗೆ 35 ಮಿಲಿಮೀಟರಿನ ಎಫ್ 1.8 ಅನುಕೂಲ.

ಇಲ್ಲಿ ಒಂದೆರಡು ಹೊಂಡಗಳಿವೆ. ನಿಕಾನ್‌ನ ಡಿ3000 ಮತ್ತು ಡಿ5000 ಸರಣಿಯ ಬಾಡಿಗಳೊಳಗೆ ಫೋಕಸ್ ಮೋಟರು ಇಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಎಎಫ್-ಡಿ ಕಾಲದ ಹಳೆಯ ಲೆನ್ಸು ತಂದರೆ ಕೈಯಿಂದಲೇ ಫೋಕಸ್ ತಿರುಗಿಸಬೇಕು. ಡಿ90, ಡಿ7000ಗಳಲ್ಲಿ ಈ ತೊಂದರೆಯಿಲ್ಲ. ಕ್ಯಾನನ್‌ನಲ್ಲಿ 1987ರಿಂದ ಬಂದ ಇಎಫ್ ಲೆನ್ಸುಗಳು ಆ ಕಂಪನಿಯ ಈಚಿನ ಎಲ್ಲ ಡಿಎಸ್‌ಎಲ್‌ಆರ್‌ಗಳಿಗೂ ಕೂರುತ್ತವೆ. ಆದರೆ ಇಎಫ್-ಎಸ್ ಎಂಬ ಹೆಸರಿನವು 5ಡಿ, 6ಡಿಯಂಥ ಪೂರ್ಣ ಅಳತೆಯ ಬಾಡಿಗಳಿಗೆ ಕೂರುವುದಿಲ್ಲ. ಅನಾಥವಾದ ಬಳಗಗಳಿಂದಲೂ ದೂರವಿರುವುದು ಒಳ್ಳೆಯದು. 2011ರಲ್ಲಿ ಬಂದ ನಿಕಾನ್ 1 ಬಳಗದ ತಯಾರಿಕೆ 2018ಕ್ಕೆ ನಿಂತುಹೋಯಿತು. ಅದಕ್ಕೆಂದೇ ಮಾಡಿದ ಲೆನ್ಸುಗಳಿಗೆ ಬೇರೆ ಮನೆಯಿಲ್ಲ.

ಹಣ ಹಂಚುವುದಕ್ಕೆ ಒಂದು ಸರಳ ದಾರಿಯಿದೆ. ಕೈಯಲ್ಲಿರುವುದನ್ನು ಹತ್ತು ಪಾಲು ಮಾಡಿ ನಾಲ್ಕನ್ನು ಬಾಡಿಗೆ, ನಾಲ್ಕನ್ನು ಲೆನ್ಸಿಗೆ, ಎರಡನ್ನು ರಕ್ಷಣೆಗೆ ಇಡುವುದು. 50 ಸಾವಿರ ರೂಪಾಯಿ ಇದ್ದವರಿಗೆ ಹೀಗೆ 10 ಸಾವಿರ ಪಕ್ಕಕ್ಕೆ ಉಳಿಯುತ್ತದೆ. ಒಣ ಡಬ್ಬಿ, ಒಂದು ಹೆಚ್ಚಿನ ಬ್ಯಾಟರಿ, ಎರಡು ಕಾರ್ಡು, ಒಂದು ಹಾರ್ಡ್ ಡಿಸ್ಕ್ ಅದರೊಳಗೇ ಬರಬೇಕು. ಫೋಟೊ ತೆಗೆದೇ ಜೀವನ ಮಾಡುವವರಾದರೆ ಒಂದು ಹೊಸ ಬಾಡಿಗಿಂತ ಎರಡು ಹಳೆಯ ಬಾಡಿ ಮೇಲು. ತಾಳಿ ಕಟ್ಟುವ ಹೊತ್ತಿಗೆ ಶಟರ್ ಕೈಕೊಟ್ಟರೆ ಪುರೋಹಿತರು ಇನ್ನೊಮ್ಮೆ ಕಟ್ಟಿಸುವುದಿಲ್ಲ.

ಕೈಬದಲಾದ ಕ್ಯಾಮೆರಾವನ್ನು ಎತ್ತು ಕೊಳ್ಳುವವರು ಹಲ್ಲು ಎಣಿಸುವಂತೆ ನೋಡಿಯೇ ಕೊಳ್ಳಬೇಕು. ಶಟರಿಗೆ ಆಯುಸ್ಸುಂಟು. ಡಿ90ಕ್ಕೆ ಒಂದು ಲಕ್ಷ, ಡಿ7000 ಮತ್ತು ಕ್ಯಾನನ್ 5ಡಿ ಮಾರ್ಕ್ 2ಕ್ಕೆ ಒಂದೂವರೆ ಲಕ್ಷ ಚಿತ್ರಗಳವರೆಗೆ ಪರೀಕ್ಷಿಸಿದ್ದೇವೆಂದು ಕಂಪನಿಗಳು ಹೇಳಿದ್ದವು. ಅದು ದಾಟಿದ ಕೂಡಲೇ ನಿಲ್ಲುತ್ತದೆಂದಲ್ಲ, ಆದರೆ ದಾಟಿದ್ದಕ್ಕೆ ಅದರ ಬೆಲೆಯನ್ನೇ ಕೊಡಬೇಕು. ನಿಕಾನ್‌ನಲ್ಲಿ ಈ ಎಣಿಕೆ ಪ್ರತಿ ಚಿತ್ರದ ಕಡತದೊಳಗೇ ದಾಖಲಾಗಿರುತ್ತದೆ. ಕ್ಯಾನನ್‌ನ ಬಹುತೇಕ ಮಾದರಿಗಳಲ್ಲಿ ಅದಕ್ಕೆಂದೇ ಇರುವ ತಂತ್ರಾಂಶ ಬೇಕು, ಇಲ್ಲವೆ ಸರ್ವಿಸ್ ಸೆಂಟರಿನವರನ್ನು ಕೇಳಬೇಕು.

ಲೆನ್ಸಿನ ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಟಾರ್ಚು ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಬೇಕು. ಬೂಷ್ಟಿನ ಎಳೆ ಇದ್ದರೆ ಆಗ ಕಾಣುತ್ತದೆ. ಒಳಗೆ ಎರಡು ಧೂಳಿನ ಕಣ ಕಂಡರೆ ಹೆದರಬೇಕಿಲ್ಲ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಮೆತ್ತಿದ್ದರೆ ಮಾತ್ರ ಬೇಡ. ಎಫ್ 16ಕ್ಕೆ ಇಟ್ಟು ಬಿಳಿ ಗೋಡೆಯ ಎರಡು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಬೇಕು. ಎರಡರಲ್ಲೂ ಅದೇ ಜಾಗದಲ್ಲಿ ಕಪ್ಪು ಚುಕ್ಕೆ ಇದ್ದರೆ ಸೆನ್ಸರಿನ ಮೇಲೆ ಧೂಳಿದೆ. ಅದನ್ನು ತೆಗೆಸಬಹುದು. ಆದರೆ ಫ್ಲಾಶ್ ಕೂರಿಸುವ ಜಾಗದಲ್ಲಿ, ಲೆನ್ಸ್ ಕೂರುವ ಬಳೆಯ ಸ್ಕ್ರೂಗಳಲ್ಲಿ, ಬ್ಯಾಟರಿ ಗೂಡಿನಲ್ಲಿ ತುಕ್ಕು ಕಂಡರೆ ಅದು ಸಮುದ್ರದ ಉಪ್ಪುಗಾಳಿಯನ್ನೋ ನೀರನ್ನೋ ಕುಡಿದ ಕ್ಯಾಮೆರಾ. ಎಷ್ಟು ಅಗ್ಗವಾದರೂ ಕೈಮುಗಿದು ಬರುವುದೇ ಲೇಸು. ಬಿಲ್ಲಿನಲ್ಲಿರುವ ಸೀರಿಯಲ್ ನಂಬರನ್ನು ಬಾಡಿಯ ಮೇಲಿನದರೊಂದಿಗೆ ತಾಳೆ ನೋಡುವುದನ್ನೂ ಮರೆಯಬಾರದು. ಕಳವಿನ ಮಾಲು ಕೊಂಡವರಿಗೆ ಪೊಲೀಸ್ ಠಾಣೆಯ ಅಲೆದಾಟ ಉಚಿತವಾಗಿ ಸಿಗುತ್ತದೆ.

ಇನ್ನು ಒಣ ಡಬ್ಬಿ. ಮಲೆನಾಡಿನ ಹಳೆಯ ಮನೆಗಳಲ್ಲಿ ಬಿತ್ತನೆ ಬೀಜವನ್ನೂ ಬೆತ್ತದ ಬುಟ್ಟಿಗಳನ್ನೂ ಒಲೆಯ ಮೇಲಿನ ಅಟ್ಟದಲ್ಲಿಡುತ್ತಿದ್ದರು. ಹಪ್ಪಳವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬುತ್ತಿದ್ದರು. ಅದೇ ವಿವೇಕ ಇಲ್ಲಿಯೂ ಸಾಕು. ಮುಚ್ಚಳಕ್ಕೆ ರಬ್ಬರಿನ ಅಂಚು ಇರುವ, ಪಾತ್ರೆ ಅಂಗಡಿಯಲ್ಲಿ ಸಿಗುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಯೊಂದು. ಬಟ್ಟೆಯ ಪುಟ್ಟ ಚೀಲದಲ್ಲಿ ಕಟ್ಟಿದ ಕಾಲು ಕಿಲೋದಷ್ಟು ಸಿಲಿಕಾ ಜೆಲ್. ಒಳಗಿನ ತೇವಾಂಶ ತೋರಿಸುವ ಬೆಂಕಿಪೆಟ್ಟಿಗೆ ಗಾತ್ರದ ಮೀಟರು. ಮೀಟರಿನ ಅಂಕಿ 40ರಿಂದ 50ರೊಳಗೆ ಇದ್ದರೆ ಸರಿ. 60 ದಾಟಿದರೆ ಜೆಲ್ ಬದಲಿಸಬೇಕು. 30ಕ್ಕಿಂತ ಕೆಳಗಿಳಿಸುವುದೂ ಬೇಡ, ರಬ್ಬರು ಮತ್ತು ಒಳಗಿನ ಗ್ರೀಸು ಒಣಗುತ್ತವೆ. ಚೀಲವನ್ನು ಡಬ್ಬಿಯೊಳಗೆ ಇಡಬಾರದು, ಕ್ಯಾಮೆರಾ ಮತ್ತು ಲೆನ್ಸುಗಳನ್ನು ಮಾತ್ರ ಇಡಬೇಕು. ಫಂಗಸ್ ತಗಲಿದ ಲೆನ್ಸಿಗೆ ಬೇರೆಯದೇ ಡಬ್ಬಿ.

ತೇವ ಕುಡಿದ ಜೆಲ್ ಬಣ್ಣ ಬದಲಿಸುತ್ತದೆ. ಕಿತ್ತಳೆ ಬಣ್ಣದ್ದು ಹಸಿರಿಗೆ ತಿರುಗುತ್ತದೆ, ನೀಲಿಯದು ಗುಲಾಬಿಯಾಗುತ್ತದೆ. ಸಣ್ಣ ಉರಿಯ ಮೇಲೆ, ಸುಮಾರು 120 ಡಿಗ್ರಿ ಶಾಖದಲ್ಲಿ ಒಂದೆರಡು ಗಂಟೆ ಬಿಸಿ ಮಾಡಿದರೆ ಮತ್ತೆ ಹೊಸದರಂತೆ ಕೆಲಸಕ್ಕೆ ಬರುತ್ತದೆ. ನೀಲಿ ಜೆಲ್‌ನಲ್ಲಿರುವ ಕೋಬಾಲ್ಟ್ ಕ್ಲೋರೈಡ್ ವಿಷ. ಅದನ್ನು ಅಡುಗೆ ಪಾತ್ರೆಯಲ್ಲಿ ಹುರಿಯಲೇಬಾರದು. ಕಿತ್ತಳೆಯದನ್ನೇ ಕೊಳ್ಳುವುದು ಕ್ಷೇಮ, ಪಾತ್ರೆ ಅದಕ್ಕೂ ಬೇರೆಯೇ ಇರಲಿ. ಜೆಲ್ ಬದಲು ಅಕ್ಕಿ ಹಾಕುವವರಿದ್ದಾರೆ. ಅಕ್ಕಿಯ ಹಿಟ್ಟು ಬೂಷ್ಟಿಗೆ ಮೃಷ್ಟಾನ್ನ. ನುಸಿ ಗುಳಿಗೆಯ ಆವಿಯೂ ಕ್ಯಾಮೆರಾದ ಒಳಭಾಗಗಳಿಗೆ ಒಳ್ಳೆಯದಲ್ಲ. ಲೆನ್ಸನ್ನು ಹಪ್ಪಳದಂತೆ ನೇರ ಬಿಸಿಲಿಗೆ ಒಣಗಿಸುವುದಂತೂ ಅಪಾಯ. ಅದು ಭೂತಗನ್ನಡಿಯಾಗಿ ಹಿಂದಿರುವ ವಸ್ತುವನ್ನೇ ಸುಡಬಹುದು.

ಎಲ್ಲಕ್ಕಿಂತ ಅಗ್ಗದ ಔಷಧಿ ಬಳಕೆ. ಆಷಾಢದಲ್ಲೂ ವಾರಕ್ಕೊಮ್ಮೆ ಕ್ಯಾಮೆರಾವನ್ನು ಹೊರತೆಗೆದು ನಾಲ್ಕು ಚಿತ್ರ ತೆಗೆದರೆ ಒಳಗೆ ಗಾಳಿಯಾಡುತ್ತದೆ, ತೊಂದರೆಯೂ ಬೇಗ ಕಣ್ಣಿಗೆ ಬೀಳುತ್ತದೆ. ತಿಂಗಳುಗಟ್ಟಲೆ ಮುಟ್ಟುವುದಿಲ್ಲವಾದರೆ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಹೊರಗೆ ತೆಗೆದಿಡಬೇಕು. ಎ.ಸಿ. ಕಾರಿನಿಂದ ಕರಾವಳಿಯ ಸೆಕೆಗೆ ಇಳಿಯುವ ಮೊದಲು ಕ್ಯಾಮೆರಾವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಹೊರಗಿನ ಶಾಖಕ್ಕೆ ಹೊಂದಿಕೊಂಡ ಮೇಲೆ ಬಿಚ್ಚಿದರೆ ಗಾಜಿನ ಮೇಲೆ ನೀರು ಕೂರುವುದಿಲ್ಲ. ಲೆನ್ಸ್ ಒರೆಸಲು ಬನಿಯನ್ ತುದಿ, ಸೀರೆಯ ಸೆರಗು ಸಲ್ಲ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ. ಮೊದಲು ರಬ್ಬರಿನ ಬ್ಲೋವರಿನಿಂದ ಧೂಳು ಹಾರಿಸಿ, ಆಮೇಲೆ ಮೆತ್ತನೆಯ ಬಟ್ಟೆಗೆ ಒಂದು ಹನಿ ದ್ರಾವಣ ಹಾಕಿ ಒರೆಸಬೇಕು. ಹನಿ ಬಟ್ಟೆಗೆ ಬೀಳಬೇಕು, ಗಾಜಿಗಲ್ಲ.

ಕೊನೆಗೆ, ಲೆನ್ಸು ಹೋದರೆ ಇನ್ನೊಂದು ಸಿಗುತ್ತದೆ, ಚಿತ್ರ ಹೋದರೆ ಸಿಗುವುದಿಲ್ಲ. ಡಿ7000ದಲ್ಲಿಯೂ 2014ರ ಡಿ750ಯಲ್ಲಿಯೂ ಎರಡು ಕಾರ್ಡಿಗೆ ಜಾಗವಿದೆ. ಒಂದೇ ಚಿತ್ರ ಎರಡರಲ್ಲೂ ಕೂರುವಂತೆ ಮಾಡಬಹುದು. ಮದುವೆ ಕೆಲಸ ಮಾಡುವವರು ಹಳೆಯ ಬಾಡಿ ಆರಿಸುವಾಗ ಇದನ್ನು ಮೊದಲು ನೋಡಬೇಕು. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಎಂಬ ಸೂತ್ರವೂ ನೆನಪಿಡಲು ಸುಲಭ. ಚಿತ್ರದ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಮನೆಯಲ್ಲಿ. ಎರಡು ಕಡೆ ಪ್ರತಿಯಾಗುವವರೆಗೆ ಕಾರ್ಡನ್ನು ಅಳಿಸಬಾರದು.

ಡಬ್ಬಿ, ಜೆಲ್, ಮೀಟರು ಎಲ್ಲ ಸೇರಿದರೂ ಖರ್ಚು ಒಂದೆರಡು ಸಾವಿರದ ಒಳಗೆ. ಒಂದು ಮದುವೆಯ ಮುಂಗಡಕ್ಕಿಂತ ಅದು ಹೆಚ್ಚಲ್ಲ. ಮುಂದಿನ ಕ್ಯಾಮೆರಾ ಯಾವುದೆಂದು ಯೋಚಿಸುತ್ತಿರುವವರು ಮೊದಲು ಆ ಡಬ್ಬಿಯನ್ನು ಕೊಂಡು ತರಲಿ. ಹತ್ತರಲ್ಲಿ ಐದು ಜನರಿಗಾದರೂ ಮುಂದಿನ ಕ್ಯಾಮೆರಾ ಸದ್ಯಕ್ಕೆ ಬೇಕಾಗುವುದಿಲ್ಲ.