ತೊಡಕು ಮೊದಲು, ಸಲಕರಣೆ ಆಮೇಲೆ

ಪ್ರಾಥಮಿಕ ತರಗತಿಗೆ ತಂದ ಒಂದು ಸಲಕರಣೆ ಸಾರ್ಥಕವಾಯಿತೇ ಎಂದು ತಿಳಿಯಲು ಅದರ ಬೆಲೆ, ವೇಗ, ಹೊಸತನ ಯಾವುದೂ ಅಳತೆಗೋಲಾಗದು. ಮಗು ಎಲ್ಲಿ ತಡವರಿಸುತ್ತಿತ್ತು, ಸಲಕರಣೆ ಬಂದ ಮೇಲೆ ಆ ತಡವರಿಕೆ ಕಡಿಮೆಯಾಯಿತೇ ಎಂಬುದನ್ನು ನೋಡಬೇಕು. ಮಾತು ಸರಳ. ಆದರೆ ಶಾಲೆಗಳಿಗೆ ಟಿ.ವಿ., ಕಂಪ್ಯೂಟರ್, ಸ್ಮಾರ್ಟ್ ಬೋರ್ಡ್ ಬಂದ ಐವತ್ತು ವರ್ಷಗಳ ಕಥೆಯಲ್ಲಿ ಈ ಪ್ರಶ್ನೆ ಹೆಚ್ಚಾಗಿ ಕೊನೆಗೆ ಬಂದಿದೆ. ಎಷ್ಟೋ ಸಲ ಬಂದೇ ಇಲ್ಲ.

ಕರ್ನಾಟಕಕ್ಕೆ ಈ ಅನುಭವ ಹಳೆಯದು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತಲುಪಿತು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು ಅದಕ್ಕೆ ಆಯ್ಕೆಯಾಗಿದ್ದವು. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಬೆಳಗಿನ ಹೊತ್ತು ಶಾಲಾ ಮಕ್ಕಳಿಗೆಂದೇ ಕನ್ನಡ ಕಾರ್ಯಕ್ರಮಗಳು ಬರುತ್ತಿದ್ದವು. 2004ರಲ್ಲಿ ಭಾರತದ್ದೇ ಆದ ಎಜುಸ್ಯಾಟ್ ಹಾರಿದ ಮೇಲೆ ಚಾಮರಾಜನಗರ ಜಿಲ್ಲೆಯ ಕಿರಿಯ ಪ್ರಾಥಮಿಕ ಶಾಲೆಗಳಿಗೆ ಅದೇ ಬಗೆಯ ಪಾಠಗಳು ಬಂದವು. ಎರಡರ ಸಾಹಸವನ್ನೂ ಕಡೆಗಣಿಸುವಂತಿಲ್ಲ. ಊರಾಚೆಯ ಲೋಕವನ್ನೇ ಕಾಣದ ಮಕ್ಕಳಿಗೆ ಅವು ಸಮುದ್ರವನ್ನೂ ರೈಲನ್ನೂ ತೋರಿಸಬಲ್ಲವಾಗಿದ್ದವು. ಆದರೆ ಒಂದೆಡೆ ತಯಾರಾದ ಪಾಠ ಎಲ್ಲ ಶಾಲೆಗಳಿಗೂ ಒಂದೇ ಗಳಿಗೆಗೆ ಬಂದು ಬೀಳುತ್ತದೆ. ಯಾವ ತರಗತಿ ಎಲ್ಲಿಗೆ ತಲುಪಿದೆ, ಹಿಂದಿನ ಸಾಲಿನ ಮಗು ಯಾವ ಮಾತಿಗೆ ಕಂಗಾಲಾಯಿತು ಎಂಬುದು ಪರದೆಗೆ ತಿಳಿಯದು.

ರೇಡಿಯೊ ಪಾಠಗಳನ್ನು ಬರೆದವರು ಈ ಕೊರತೆಯನ್ನು ತಮ್ಮ ಮಟ್ಟಿಗೆ ತುಂಬಿಕೊಂಡರು. ‘ಚಿಣ್ಣರ ಚುಕ್ಕಿ’, ‘ಚುಕ್ಕಿ ಚಿನ್ನ’ ಸರಣಿಗಳಲ್ಲಿ ಕೇಳುವ ಮಗು ಸುಮ್ಮನೆ ಕೂರಬೇಕಾಗಿರಲಿಲ್ಲ; ಹಾಡಬೇಕು, ಉತ್ತರ ಹೇಳಬೇಕು, ಎದ್ದು ಕುಣಿಯಬೇಕು. ಬಡ ಸಲಕರಣೆಯಾದರೂ ಮಗುವಿಗೆ ಅದರಲ್ಲಿ ಒಂದು ಜಾಗವಿತ್ತು.

ಕಂಪ್ಯೂಟರಿನ ಕಾಲದಲ್ಲಿ ಪಾಠ ಕಲಿತವರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಮುಖ್ಯ. ಈ ಸಂಸ್ಥೆ 2000ದ ದಶಕದಲ್ಲಿ ಹಲವು ರಾಜ್ಯಗಳ ಸಾವಿರಾರು ಶಾಲೆಗಳಿಗೆ ಕಂಪ್ಯೂಟರ್ ಆಧಾರಿತ ಕಲಿಕೆಯನ್ನು ಕೊಂಡೊಯ್ದಿತ್ತು, ಅನೇಕ ಭಾಷೆಗಳಲ್ಲಿ ಸಿ.ಡಿ.ಗಳನ್ನು ತಯಾರಿಸಿತ್ತು. ಅದರ ಮುಖ್ಯಸ್ಥರಲ್ಲೊಬ್ಬರಾದ ಅನುರಾಗ್ ಬೆಹರ್ 2010ರಲ್ಲಿ ಪತ್ರಿಕಾ ಅಂಕಣವೊಂದರಲ್ಲಿ ಇದರ ಮಿತಿಗಳನ್ನು ಬಹಿರಂಗವಾಗಿ ಬರೆದರು. ಸಂಸ್ಥೆ ತನ್ನ ಒತ್ತನ್ನು ಶಿಕ್ಷಕರ ಬೆಳವಣಿಗೆಯತ್ತ ಹೊರಳಿಸಿತು. ಕೈಹಾಕಿದ ಕೆಲಸ ನಿರೀಕ್ಷೆಯಷ್ಟು ಫಲ ಕೊಡಲಿಲ್ಲವೆಂದು ಅದನ್ನು ಮಾಡಿದವರೇ ಹೇಳುವುದು ಶಿಕ್ಷಣ ಕ್ಷೇತ್ರದಲ್ಲಿ ಅಪರೂಪ. ಆ ಮಾತಿಗೆ ಸಿಗಬೇಕಾದ ಮನ್ನಣೆ ಇಂದಿಗೂ ಸಿಕ್ಕಿಲ್ಲ.

ತೊಡಕಿನಿಂದ ಹೊರಟು ಸಲಕರಣೆಯನ್ನು ತಲುಪಿದ ಉದಾಹರಣೆ ಗಡಿಯಾಚೆ ಸಿಗುತ್ತದೆ. ಸೊಲ್ಲಾಪುರ ಜಿಲ್ಲೆಯ ಮಾಢಾ ತಾಲ್ಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಗೆ ರಣಜಿತ್‌ಸಿಂಹ ಡಿಸಲೆ 2009ರಲ್ಲಿ ಶಿಕ್ಷಕರಾಗಿ ಬಂದರು. ಆಗ ಶಾಲೆಯ ಕಟ್ಟಡ ದನದ ಕೊಟ್ಟಿಗೆಗೂ ಉಗ್ರಾಣಕ್ಕೂ ನಡುವೆ ಶಿಥಿಲವಾಗಿ ನಿಂತಿತ್ತು. ಹೆಣ್ಣುಮಕ್ಕಳು ಶಾಲೆಗೆ ಬರುವುದು ಕಡಿಮೆ, ಬಂದವರಿಗೂ ಪುಸ್ತಕ ಅರ್ಥವಾಗುತ್ತಿರಲಿಲ್ಲ. ಕಾರಣ ಎದುರಿಗೇ ಇತ್ತು. ಹೆಚ್ಚಿನ ಮಕ್ಕಳ ಮನೆಮಾತು ಕನ್ನಡ, ಪಠ್ಯಪುಸ್ತಕದ ಭಾಷೆ ಬೇರೆ. ಡಿಸಲೆ ಮೊದಲು ಮಾಡಿದ ಕೆಲಸಕ್ಕೆ ಯಾವ ಯಂತ್ರವೂ ಬೇಕಾಗಲಿಲ್ಲ: ಅವರು ಕನ್ನಡ ಕಲಿತರು. ಆ ಬಳಿಕ ಒಂದರಿಂದ ನಾಲ್ಕನೆಯ ತರಗತಿಯ ಪುಸ್ತಕಗಳನ್ನು ಮಕ್ಕಳಿಗೆ ಒಗ್ಗುವಂತೆ ಅನುವಾದಿಸಿ, ಮಾರ್ಪಡಿಸಿ, ಪುಟಗಳಲ್ಲಿ ಕ್ಯೂಆರ್ ಕೋಡ್ ಸೇರಿಸಿದರು. ಮೊಬೈಲಿನಿಂದ ಕೋಡ್ ಸ್ಕ್ಯಾನ್ ಮಾಡಿದರೆ ಪದ್ಯದ ಧ್ವನಿ, ವಿಡಿಯೊ ಪಾಠ, ಕಥೆ, ಅಭ್ಯಾಸ ತೆರೆದುಕೊಳ್ಳುತ್ತಿದ್ದವು. 2017ರಲ್ಲಿ ಮಹಾರಾಷ್ಟ್ರ ಸರ್ಕಾರ ರಾಜ್ಯದ ಪಠ್ಯಪುಸ್ತಕಗಳಿಗೆಲ್ಲ ಕ್ಯೂಆರ್ ಕೋಡ್ ತರುವುದಾಗಿ ಪ್ರಕಟಿಸಿತು. ಮರುವರ್ಷ ಎನ್‌ಸಿಇಆರ್‌ಟಿ ಪುಸ್ತಕಗಳ ಸರದಿ ಬಂತು. 2020ರ ಡಿಸೆಂಬರ್ 3ರಂದು ಡಿಸಲೆ ಅವರಿಗೆ ಹತ್ತು ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಪ್ರಶಸ್ತಿ ಘೋಷಣೆಯಾಯಿತು. ಅದರಲ್ಲಿ ಅರ್ಧವನ್ನು ಅವರು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು.

ಸುದ್ದಿಯಾದದ್ದು ಹೆಚ್ಚಾಗಿ ಕೋಡ್. ಅದಕ್ಕೆ ಹಿಂದಿದ್ದ ಕನ್ನಡ ಕಲಿಕೆಗೆ ಸಿಕ್ಕಿದ್ದು ಒಂದೆರಡು ಸಾಲು. ಕಪ್ಪು ಬಿಳಿ ಚೌಕಗಳನ್ನು ಯಾವ ಪುಸ್ತಕದಲ್ಲಾದರೂ ಮುದ್ರಿಸಬಹುದು. ಮಗುವಿನ ಮಾತನ್ನು ಕಲಿತ ಶಿಕ್ಷಕರನ್ನು ಮುದ್ರಿಸಲಾಗದು. ಛತ್ರಪತಿ ಸಂಭಾಜಿನಗರ ಜಿಲ್ಲೆಯ ಗಂಗಾಪುರ ತಾಲ್ಲೂಕನ್ನೇ ತೆಗೆದುಕೊಳ್ಳಿ. ಅದು ಮರಾಠಿ ಸೀಮೆ. ಮರಾಠಿ ಶಾಲೆಗೆ ಹೋಗುವ ಅಲ್ಲಿನ ಹೆಚ್ಚಿನ ಮಕ್ಕಳಿಗೆ ಪುಸ್ತಕದ ಭಾಷೆ ಮನೆಯದೇ. ಪರಿತೇವಾಡಿಯಲ್ಲಿ ಡಿಸಲೆ ಬಿಡಿಸಿದ ಗಂಟು ಅಲ್ಲಿ ಇಲ್ಲ. ಗಂಗಾಪುರವೂ ಸೇರಿದ ಮರಾಠವಾಡದ ದೊಡ್ಡ ಗಂಟು ಇನ್ನೊಂದು. ಬೀಡ್ ಮತ್ತು ಸುತ್ತಲಿನ ಜಿಲ್ಲೆಗಳಿಂದ ಕಬ್ಬು ಕಡಿಯಲು ಹೊರಡುವ ಕುಟುಂಬಗಳು ಹಿಂಗಾರು ಶುರುವಾದ ಮೇಲೆ ತಿಂಗಳುಗಟ್ಟಲೆ ಊರು ಬಿಡುತ್ತವೆ. ಪಶ್ಚಿಮ ಮಹಾರಾಷ್ಟ್ರಕ್ಕಷ್ಟೇ ಅಲ್ಲದೆ ಉತ್ತರ ಕರ್ನಾಟಕದ ಕಾರ್ಖಾನೆಗಳ ಗದ್ದೆಗಳಿಗೂ ಬರುತ್ತವೆ. ಜೊತೆಗೆ ಹೋದ ಮಗು ಊರಿಗೆ ಮರಳುವಾಗ ತರಗತಿ ಎಷ್ಟೋ ಮುಂದೆ ಹೋಗಿರುತ್ತದೆ. ಅಂಥ ಮಗುವಿಗೆ ಬೇಕಾದದ್ದು ಬಿಟ್ಟಲ್ಲಿಂದ ಹಿಡಿಯುವ ಅನುಕೂಲ.

ಆ ಅನುಕೂಲವನ್ನು ವಿದ್ಯುತ್ತೇ ಇಲ್ಲದೆ ಕೊಟ್ಟ ಒಂದು ತಂತ್ರ ಕರ್ನಾಟಕದ್ದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ ‘ನಲಿಕಲಿ’ಯನ್ನು ಕಟ್ಟಿದರು. ಪಠ್ಯವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಪ್ರತಿ ಮೆಟ್ಟಿಲಿಗೂ ಕಾರ್ಡುಗಳನ್ನು ಮಾಡಿ, ಎಲ್ಲವನ್ನೂ ಗೋಡೆಯ ಕಲಿಕಾ ಏಣಿಯಲ್ಲಿ ಚಿತ್ರಗಳಾಗಿ ಜೋಡಿಸಿದರು. ಮಗು ತನ್ನ ಮೆಟ್ಟಿಲಿನ ಚಿತ್ರವನ್ನು ಗುರುತಿಸಿ, ಕಾರ್ಡು ತೆಗೆದುಕೊಂಡು, ತನಗೊಪ್ಪುವ ಗುಂಪಿನಲ್ಲಿ, ಅಂದರೆ ‘ತಟ್ಟೆ’ಯಲ್ಲಿ, ಕೂರುತ್ತದೆ. ಒಂದು ತಟ್ಟೆಯವರಿಗೆ ಶಿಕ್ಷಕರ ಪೂರ್ತಿ ಬೆಂಬಲ, ಕೊನೆಯ ತಟ್ಟೆಯವರು ತಾವೇ ಕಲಿಯುವವರು, ನಡುವಿನವರಿಗೆ ಶಿಕ್ಷಕರ ಅಥವಾ ಗೆಳೆಯರ ನೆರವು. ಹದಿನೈದು ದಿನ ಜ್ವರದಿಂದ ಮಲಗಿ ಬಂದ ಮಗು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ. ಇಂದಿನ ದುಬಾರಿ ಕಲಿಕಾ ಆ್ಯಪ್‌ಗಳು ಹೇಳಿಕೊಳ್ಳುವ ‘ಪ್ರತಿ ಮಗುವಿಗೂ ಅದರದೇ ವೇಗ’ ಎಂಬ ತತ್ವ ಆಗಲೇ ರಟ್ಟಿನ ಕಾರ್ಡುಗಳಲ್ಲಿತ್ತು. ಕಾರ್ಡು ಹರಿದಾಗ, ಕಳೆದಾಗ ಹೊಸದು ಬರದಿದ್ದರೆ ಏಣಿಯ ಮೆಟ್ಟಿಲೇ ಮುರಿದಂತೆ ಎಂಬುದು ನಲಿಕಲಿ ಶಿಕ್ಷಕರಿಗೆಲ್ಲ ಗೊತ್ತು. ಹಳೆಯದಿರಲಿ ಹೊಸದಿರಲಿ, ನಿರ್ವಹಣೆಗೆ ಹಣವಿಡದ ತಂತ್ರ ಬಹಳ ದಿನ ಬಾಳದು.

ಹಾಗಾದರೆ ಕಂಪ್ಯೂಟರು ಕೊಡಬಲ್ಲ ಹೆಚ್ಚಿನದೇನು? ಎರಡನೆಯ ತರಗತಿಯ ಒಂದು ಲೆಕ್ಕ ನೋಡಬಹುದು. 52ರಿಂದ 27 ಕಳೆಯಲು ಕೊಟ್ಟಾಗ ಮಗು 35 ಎಂದು ಬರೆಯುತ್ತದೆ. ಬಹುತೇಕ ಆ್ಯಪ್‌ಗಳು ಕೆಂಪು ಗುರುತು ತೋರಿಸಿ ಮುಂದಿನ ಲೆಕ್ಕಕ್ಕೆ ಹೋಗುತ್ತವೆ. ಆದರೆ ಮಗು ಬೇಕಾಬಿಟ್ಟಿ ಬರೆದಿಲ್ಲ. ಎರಡರಲ್ಲಿ ಏಳು ಹೋಗದೆಂದು ಏಳರಲ್ಲೇ ಎರಡನ್ನು ಕಳೆದಿದೆ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂಬ ನಿಯಮವನ್ನು ನಿಷ್ಠೆಯಿಂದ ಪಾಲಿಸಿದೆ. ಹತ್ತು ಕಡ್ಡಿಗಳ ಒಂದು ಕಂತೆ ಬಿಚ್ಚಿ ಬಿಡಿ ಕಡ್ಡಿಗಳ ಜೊತೆ ಇಟ್ಟರೆ ಹನ್ನೆರಡು ಕಡ್ಡಿ ಕಣ್ಣೆದುರು ಬರುತ್ತವೆ, ಗೊಂದಲ ಕರಗುತ್ತದೆ. ಮೂವತ್ತು ಮಕ್ಕಳ ತರಗತಿಯಲ್ಲಿ ಈ ತಪ್ಪು ಯಾರದು, ಬೇರೆ ತಪ್ಪು ಯಾರದು ಎಂದು ವಿಂಗಡಿಸುವುದು ಶಿಕ್ಷಕರಿಗೆ ಭಾರದ ಕೆಲಸ, ಯಂತ್ರಕ್ಕೆ ಸುಲಭದ್ದು. ಒಳ್ಳೆಯ ತಂತ್ರಾಂಶ ಈ ತಪ್ಪು ಮಾಡಿದ ಏಳೆಂಟು ಮಕ್ಕಳ ಹೆಸರು ಕೊಡಲಿ. ಕಂತೆ ಬಿಚ್ಚುವುದು ಮಗುವಿನ ಕೈಯಿಂದಲೇ ಆಗಲಿ, ಪಕ್ಕದಲ್ಲಿ ಶಿಕ್ಷಕರಿರಲಿ.

ಸಂಶೋಧನೆಯೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. ಗುಜರಾತಿನ ಜ್ಞಾನಶಾಲಾ ಶಾಲೆಗಳಲ್ಲಿ ಲೀ ಲಿಂಡನ್ ನಡೆಸಿದ ಅಧ್ಯಯನದಲ್ಲಿ, ಶಿಕ್ಷಕರ ಪಾಠದ ಸಮಯವನ್ನು ಕಿತ್ತುಕೊಂಡು ಕಂಪ್ಯೂಟರಿಗೆ ಕೊಟ್ಟ ಕಡೆ ಮಕ್ಕಳು ಹಿಂದುಳಿದರು. ಶಾಲೆಯ ಅವಧಿಯ ಆಚೆ ಪೂರಕವಾಗಿ ಕೊಟ್ಟ ಕಡೆ ಲಾಭವಾಯಿತು. ತಂತ್ರಾಂಶ ಅದೇ, ಫಲ ಬೇರೆ. ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ತಂತ್ರಾಂಶದ ಮೇಲೆ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕೂವರೆ ತಿಂಗಳಲ್ಲೇ ಗಣಿತ, ಹಿಂದಿ ಎರಡರಲ್ಲೂ ಗಣನೀಯ ಪ್ರಗತಿ ಕಂಡಿತು. ಅಲ್ಲಿನ ಮಕ್ಕಳು ಹಿರಿಯ ತರಗತಿಗಳವರು, ಅದೂ ಶಾಲೆಯ ಅವಧಿಯ ನಂತರ. ಹಾಗಾಗಿ ಒಂದನೆಯ ತರಗತಿಗೆ ಅದನ್ನು ನೇರವಾಗಿ ಅನ್ವಯಿಸುವಂತಿಲ್ಲ. ಗಮನಿಸಬೇಕಾದದ್ದು ಕಾರಣ: ತಂತ್ರಾಂಶ ಮಗುವಿನ ನಿಜವಾದ ಮಟ್ಟವನ್ನು ಹುಡುಕಿ ಅಲ್ಲಿಂದ ಆರಂಭಿಸುತ್ತಿತ್ತು.

ಸಲಕರಣೆ ಎಲ್ಲ ಮಕ್ಕಳ ಕೈಗೂ ಸಮನಾಗಿ ಬರದು ಎಂಬುದನ್ನು ಕೋವಿಡ್ ಕಾಲ ಸಾರಿ ಹೇಳಿತು. 2020ರ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ದಲ್ಲಿ ಕರ್ನಾಟಕದ ಶಿಕ್ಷಕರು ಮಕ್ಕಳನ್ನು ಸ್ಮಾರ್ಟ್‌ಫೋನ್ ಇರುವವರು, ಬರೀ ಕರೆ ಮಾಡುವ ಫೋನ್ ಇರುವವರು, ಏನೂ ಇಲ್ಲದವರು ಎಂದು ಗುಂಪು ಮಾಡಿಕೊಂಡು ಊರೂರಿನ ಜಗಲಿಗೆ, ಮರದ ನೆರಳಿಗೆ ಹೋಗಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಫೋನ್ ಇದ್ದ ಮನೆಯಲ್ಲೂ ಅದು ಹೆಚ್ಚಾಗಿ ದುಡಿಯಲು ಹೋಗುವ ಅಪ್ಪನ ಜೇಬಿನಲ್ಲಿರುತ್ತಿತ್ತು. ಮನೆಯಲ್ಲಿ ಕೋಡ್ ಸ್ಕ್ಯಾನ್ ಮಾಡಿ ಎಂದು ಮಗುವಿಗೆ ಕೆಲಸ ಕೊಡುವ ಮುನ್ನ ಆ ಫೋನ್ ಮನೆಗೆ ಎಷ್ಟು ಗಂಟೆಗೆ ಬರುತ್ತದೆಂದು ವಿಚಾರಿಸುವುದು ಶಿಕ್ಷಕರ ತಯಾರಿಯ ಭಾಗ.

ಮತ್ತೆ ಭಾಷೆಯ ತೊಡಕಿಗೆ ಬರೋಣ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯಾದ ಬಾಲಭಾರತಿ ಕನ್ನಡ ಮಾಧ್ಯಮಕ್ಕೂ ಪುಸ್ತಕಗಳನ್ನು ತರುತ್ತದೆ. ಜತ್ತ, ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಗಳು ಅವನ್ನೇ ಓದುತ್ತವೆ. ಅಲ್ಲಿ ತೊಡಕು ಇನ್ನೂ ನವಿರಾದದ್ದು. ಮನೆಯಲ್ಲಿ ‘ಹೊಂಟೀನಿ’ ಎನ್ನುವ ಮಗು ಪುಸ್ತಕದಲ್ಲಿ ‘ಹೊರಟಿದ್ದೇನೆ’ ಎಂಬುದನ್ನು ಓದಬೇಕು. ಎರಡೂ ಒಂದೇ ಭಾಷೆಯಾದ್ದರಿಂದ ಮಗು ಎಡವಿದ್ದು ಯಾರ ಕಣ್ಣಿಗೂ ಬೀಳದು. ಬೆಂಗಳೂರಿನಲ್ಲೋ ಪುಣೆಯಲ್ಲೋ ಧ್ವನಿಮುದ್ರಿಸಿದ ಪಾಠ ಈ ಅಂತರವನ್ನು ಹೆಚ್ಚಿಸಲೂಬಹುದು. ಅದೇ ಊರಿನ ಶಿಕ್ಷಕಿ ತಮ್ಮ ಫೋನಿನಲ್ಲಿ ಒಂದು ಕಥೆಯನ್ನು ಮೊದಲು ಊರಿನ ಮಾತಿನಲ್ಲಿ, ಆಮೇಲೆ ಪುಸ್ತಕದ ಮಾತಿನಲ್ಲಿ ಹೇಳಿ ಮುದ್ರಿಸಿದರೆ ಮೂರು ನಿಮಿಷದ ಕೆಲಸ. ಮಕ್ಕಳು ಎರಡನ್ನೂ ಕೇಳಿ, ಬದಲಾದ ಪದಗಳನ್ನು ಹೆಕ್ಕಿ ಹಲಗೆಯ ಮೇಲೆ ಜೋಡಿ ಜೋಡಿಯಾಗಿ ಬರೆಯಬಹುದು. ಸಂಜೆ ಅದೇ ಕಥೆಯನ್ನು ಅಜ್ಜಿಯ ಬಾಯಲ್ಲಿ ಹೇಳಿಸಿ ಮುದ್ರಿಸಿಕೊಂಡು ಬಂದರೆ ಮರುದಿನದ ಪಾಠವೂ ಸಿದ್ಧ.