ತ್ಯಾಗರಾಜರಿಗೆ ಗಿಟಾರ್ ಸಿಕ್ತು, ವೀರಗಾಸೆಗೆ ಯಾಕಿಲ್ಲ?

ಬೆಂಗಳೂರಿನ 'ಅಗಂ' ಬ್ಯಾಂಡಿನ ಎರಡನೇ ಆಲ್ಬಂ 'ಎ ಡ್ರೀಮ್ ಟು ರಿಮೆಂಬರ್' ಬಂದದ್ದು 2017ರಲ್ಲಿ. ಅದರ 'ಮಿಸ್ಟ್ ಆಫ್ ಕ್ಯಾಪ್ರಿಕಾರ್ನ್' ಹಾಡಿನ ಒಳಗಿರೋದು ನಳಿನಕಾಂತಿ ರಾಗದಲ್ಲಿರುವ ತ್ಯಾಗರಾಜರ ಕೃತಿ. 'ರಂಗಪುರ ವಿಹಾರ' ಮುತ್ತುಸ್ವಾಮಿ ದೀಕ್ಷಿತರದ್ದು, ಬೃಂದಾವನ ಸಾರಂಗ. ಬ್ಯಾಂಡಿನವರು ತಮ್ಮ ಸಂಗೀತವನ್ನು ಕರ್ನಾಟಿಕ್ ಪ್ರೊಗ್ರೆಸಿವ್ ರಾಕ್ ಅಂತ ಕರೀತಾರೆ. ಗಿಟಾರ್ ಭಾರವಾಗುವ ಕಡೆಗಳಲ್ಲಿ ಅದಕ್ಕೂ ಪ್ರೊಗ್ರೆಸಿವ್ ಮೆಟಲ್‌ಗೂ ನಡುವಿನ ಗೆರೆ ತೀರಾ ತೆಳು. ಆಲ್ಬಂ ಚೆನ್ನಾಗಿದೆ, ಅದರಲ್ಲಿ ನನಗೆ ತಕರಾರಿಲ್ಲ.

ತಕರಾರಿರೋದು ಆ ಮೇಲೆ ನಾವೆಲ್ಲ ಒಪ್ಪಿಕೊಂಡ ಒಂದು ಮಾತಿನ ಬಗ್ಗೆ: 'ನಮ್ಮ ಬೇರು ಅಂದ್ರೆ ಇದೇ.' ಪ್ರಾಜೆಕ್ಟ್ ಮಿಶ್ರಂ, ಪೈನಾಪಲ್ ಎಕ್ಸ್‌ಪ್ರೆಸ್ ಥರದ ಬೆಂಗಳೂರಿನ ಬ್ಯಾಂಡುಗಳೂ ಮೆಟಲ್ಲಿಗೆ ಬೆರೆಸಿದ್ದು ಮುಖ್ಯವಾಗಿ ಕರ್ನಾಟಕ ಶಾಸ್ತ್ರೀಯವನ್ನೇ. ಕಾರಣ ಅರ್ಥವಾಗುವಂಥದ್ದು. ಪ್ರೊಗ್ರೆಸಿವ್ ಮೆಟಲ್ ಲೆಕ್ಕದ ಸಂಗೀತ. ನಾಲ್ಕರ ಸರಳ ಎಣಿಕೆ ಬಿಟ್ಟು ಐದು, ಏಳು, ಒಂಬತ್ತರಲ್ಲಿ ಓಡುತ್ತೆ. ನಮ್ಮಲ್ಲಿ ಖಂಡ ನಡೆ ಐದು, ಮಿಶ್ರ ನಡೆ ಏಳು, ಸಂಕೀರ್ಣ ಒಂಬತ್ತು ಅಂತ ಹೆಸರಿಟ್ಟು ಪಾಠ ಮಾಡಿದ್ದಾರೆ. ಚಿಕ್ಕಂದಿನಲ್ಲಿ ಸಂಗೀತ ಪಾಠಕ್ಕೆ ಹೋದ ಹುಡುಗ ಕಾಲೇಜಲ್ಲಿ ಗಿಟಾರ್ ಹಿಡಿದರೆ ಎರಡೂ ತಾನಾಗೇ ಕೂಡಿಕೊಳ್ಳುತ್ತೆ. ಆದರೆ ಆ ಪಾಠದ ಮನೆಗೆ ಯಾರ ಮಕ್ಕಳು ಹೋಗ್ತಿದ್ರು ಅನ್ನೋದು ಸಂಗೀತದ ಪ್ರಶ್ನೆ ಅಲ್ಲ.

ಈಗ ಬೆಂಗಳೂರು ಬಿಟ್ಟು ಕಡೂರಿನ ಕಡೆ ಬನ್ನಿ. ಬೀರೂರಿನಲ್ಲಿ ರೈಲು ಹಳಿ ಎರಡಾಗುತ್ತೆ: ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಗೆ, ಇನ್ನೊಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ. ಈ ಸೀಮೆ ವೀರಗಾಸೆಯದ್ದು. ಸಮಾಳ, ಕರಡೆ, ತಾಳ, ಕೈಯಲ್ಲಿ ಕತ್ತಿ. ದಕ್ಷಯಜ್ಞದ ಕಥೆ ಹೇಳುವಾಗ ವಾದ್ಯ ನಿಲ್ಲಿಸಿ ಒಡಪು ಕೂಗುತ್ತಾರೆ, ಒಡಪು ಮುಗಿದ ತಕ್ಷಣ ಇಡೀ ಮೇಳ ಒಟ್ಟಿಗೆ ಬೀಳುತ್ತೆ. ಮೆಟಲ್ ಕೇಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾ? ನಿಲ್ಲಿಸೋದು, ಕಾಯಿಸೋದು, ಒಮ್ಮೆಗೇ ಎಲ್ಲರೂ ಬೀಳೋದು. ಆ ಸಂಗೀತದ ಅರ್ಧ ಪ್ರಾಣ ಇರೋದೇ ಅಲ್ಲಿ. (ತರೀಕೆರೆ ಏರಿಯ ಮೇಲಿನ ಕುರಿಮರಿಯ ಸಾಲನ್ನು ಐದು ಸಲ ತಡವರಿಸದೆ ಹೇಳಿ ನೋಡಿ, ತಾಂತ್ರಿಕತೆ ಅಂದ್ರೇನು ಅಂತ ನಾಲಿಗೆಗೇ ಗೊತ್ತಾಗುತ್ತೆ.)

ಆದರೂ ಕೃತಿ ಅಂದ್ರೆ 'ಸಂಕೀರ್ಣ', ಡೊಳ್ಳು-ತಮಟೆ-ಸಮಾಳ ಅಂದ್ರೆ 'ಎನರ್ಜಿ'. ಒಂದು ಬುದ್ಧಿಯ ಲೆಕ್ಕಕ್ಕೆ, ಇನ್ನೊಂದು ಮೈಯ ಲೆಕ್ಕಕ್ಕೆ. ಈ ವಿಂಗಡಣೆ ಎಲ್ಲಿಂದ ಬಂತು ಅಂತ ಈ ದೇಶದಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಜಾನಪದ ವಾದ್ಯಕ್ಕೆ ಸಿನಿಮಾದಲ್ಲಿ ಹೀರೋ ಎಂಟ್ರಿಯ ಕೆಲಸ ಸಿಗುತ್ತೆ, ಹಾಡಿನ ಕಟ್ಟಡ ಕಟ್ಟುವ ಕೆಲಸ ಸಿಗಲ್ಲ.

ಬೇರೆ ಥರ ಆಗೋಕೆ ಸಾಧ್ಯ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ರಘು ದೀಕ್ಷಿತ್ 2008ರ ಮೊದಲ ಆಲ್ಬಂನಲ್ಲೇ ಶಿಶುನಾಳ ಶರೀಫರ 'ಗುಡುಗುಡಿಯ ಸೇದಿ ನೋಡೋ' ಹಾಡಿ ಕಾಲೇಜು ಫೆಸ್ಟುಗಳಲ್ಲಿ ತತ್ವಪದ ಕುಣಿಸಿದರು. ಆದರೆ ಅದು ಫೋಕ್ ರಾಕ್. ಅಲ್ಲಿ ಜಾನಪದಕ್ಕೆ ಜಾಗ ಇರೋದು ಸಹಜ ಅಂತ ಎಲ್ಲರೂ ಒಪ್ಪುತ್ತಾರೆ. ಮೆಟಲ್ಲಿನಲ್ಲೇ ಉದಾಹರಣೆ ಬೇಕಂದ್ರೆ ಬ್ರೆಜಿಲ್ ನೋಡಿ. 1996ರಲ್ಲಿ ಆಂಗ್ರಾ ತನ್ನ ಎರಡನೇ ಆಲ್ಬಂ 'ಹೋಲಿ ಲ್ಯಾಂಡ್'ನಲ್ಲಿ ಅಲ್ಲಿನ ಜನಪದ ತಾಳಗಳನ್ನು ಹಾಡಿನ ಒಳಗೇ ಕಟ್ಟಿತು. ಅದೇ ವರ್ಷ ಸೆಪುಲ್ತುರಾ 'ರೂಟ್ಸ್' ಆಲ್ಬಂಗಾಗಿ ಶವಾಂತೆ ಆದಿವಾಸಿಗಳ ಹಳ್ಳಿಗೇ ಹೋಗಿ ಅವರ ಜೊತೆ ಧ್ವನಿಮುದ್ರಣ ಮಾಡಿತು.

ಹಾಗಂತ ನಾಳೆಯೇ ಯಾರಾದರೂ ಕಡೂರಿಗೆ ಮೈಕ್ ತಂದು, ಅರ್ಧ ಗಂಟೆ ರೆಕಾರ್ಡ್ ಮಾಡಿ, 'ಸಾಂಪ್ರದಾಯಿಕ' ಅಂತ ಒಂದು ಪದ ಹಾಕಿ ಹೋಗಲಿ ಅಂತಲ್ಲ. ತ್ಯಾಗರಾಜರ ಹೆಸರು ಕೃತಿಯ ಮುದ್ರೆಯಲ್ಲೇ ಇದೆ, ಯಾರೂ ಅಳಿಸೋಕಾಗಲ್ಲ. ಸಮಾಳ ಬಾರಿಸಿದವನ ಹೆಸರು ಮಾತ್ರ ಎಲ್ಲೂ ಇರಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 1994ರ ತಿದ್ದುಪಡಿಯಲ್ಲಿ ಪ್ರದರ್ಶಕರ ಹಕ್ಕು ಸೇರಿತು. ಅದರ ವ್ಯಾಖ್ಯೆಯಲ್ಲಿ ಸಂಗೀತಗಾರ, ನರ್ತಕರ ಜೊತೆ ದೊಂಬರಾಟದವರು, ಹಾವಾಡಿಗರೂ ಇದ್ದಾರೆ. ಈ ಹಕ್ಕಿನ ಅವಧಿ 50 ವರ್ಷ. 2012ರ ತಿದ್ದುಪಡಿ ವಾಣಿಜ್ಯ ಬಳಕೆಯಲ್ಲಿ ರಾಯಲ್ಟಿಯ ಪಾಲನ್ನೂ ಕೊಟ್ಟಿತು. ಅಂದ್ರೆ ಹಾಡು ಯಾರದ್ದೂ ಅಲ್ಲದ ಜಾನಪದ ಇರಬಹುದು, ಆದರೆ ಆ ದಿನ ಬಾರಿಸಿದ ಕೈ ಒಬ್ಬರದ್ದು, ಅದಕ್ಕೆ ಹಕ್ಕಿದೆ. ಜಾತ್ರೆಗೆ ಕರೆದು ಖರ್ಚು-ವೆಚ್ಚ ಅಂತ ಕೈಗೆ ಒಂದಿಷ್ಟು ದುಡ್ಡು ತುರುಕುವ ಅಭ್ಯಾಸ ಇರುವ ಕಡೆ ಈ ಕಾಗದ ಯಾರ ಮುಂದೆಯೂ ಬಂದಿರೋದಿಲ್ಲ.

ಹಾಗಾಗಿ ಮುಂದಿನ ಬ್ಯಾಂಡು ಅಜ್ಜಂಪುರಕ್ಕೋ ತರೀಕೆರೆಗೋ ಬಂದಾಗ ಮೇಳದವರು ಮೊದಲು ಕೇಳಬೇಕಾದ್ದು ಎರಡೇ: ರಿಹರ್ಸಲ್‌ಗೆ ನಾವೂ ಇರ್ತೀವಾ, ಹಾಡು ಕಟ್ಟಿದವರ ಪಟ್ಟಿಯಲ್ಲಿ ನಮ್ಮ ಹೆಸರು ಬರುತ್ತಾ?